ಪಾತ್ರ ಅದೇ, ನಟ ಬೇರೆ: ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಮಾರ್ವೆಲ್ ಸ್ಟುಡಿಯೋದ ಐರನ್ ಮ್ಯಾನ್ ಸರಣಿಯಲ್ಲಿ ನಾಯಕ ಟೋನಿ ಸ್ಟಾರ್ಕ್‌ನ ಗೆಳೆಯ ರೋಡಿ ಪಾತ್ರದ ಬಗ್ಗೆ ಇಲ್ಲಿ ದೊಡ್ಡ ಜಗಳವೇ ಆಯಿತು. ಮೊದಲ ಭಾಗದಲ್ಲಿ ಟೆರೆನ್ಸ್ ಹೋವರ್ಡ್, ಎರಡನೇ ಭಾಗದಿಂದ ಡಾನ್ ಚೀಡಲ್. ಯಾಕೆ ಬದಲಾಯಿತು ಅಂತ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಗುಂಪಿನಲ್ಲೇ ಒಬ್ಬರು ವಕೀಲೆ ಇದ್ದಾರೆ. ಬೆಂಗಳೂರಿನಲ್ಲಿ ಸಿನಿಮಾ, ಧಾರಾವಾಹಿ ಕಲಾವಿದರ ಅಗ್ರಿಮೆಂಟ್ ನೋಡುವುದು ಅವರ ಕೆಲಸ. ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಕೇಳಿದ್ದನ್ನೇ ಮತ್ತೆ ಕೇಳಬೇಡಿ, ದಯವಿಟ್ಟು.

ಸ್ಟಾರ್ಕ್ ಅಭಿಮಾನಿ, ಶಿವಮೊಗ್ಗ: ಮೇಡಂ, ನಾನೇ ಶುರು ಮಾಡುತ್ತೇನೆ. ಹೋವರ್ಡ್ ಮೂರು ಸಿನಿಮಾಗಳಿಗೆ ಸಹಿ ಹಾಕಿದ್ದರು ಅಂತಾರೆ. ಸಹಿ ಆದ ಮೇಲೂ ತೆಗೆದು ಹಾಕಲು ಬರುತ್ತದಾ?

ಕರಾರು ವಕೀಲೆ: ಬರುತ್ತದೆ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೂರು ಸಿನಿಮಾಗಳ ಅಗ್ರಿಮೆಂಟ್ ಅಂದರೆ ಮೂರು ಸಿನಿಮಾಗಳ ಕೆಲಸ ಖಾತ್ರಿ ಅಂತ ಅಲ್ಲ. ಮೊದಲನೆಯದು ಖಾತ್ರಿ. ಮುಂದಿನವು ಆಪ್ಷನ್. ಆಪ್ಷನ್ ಅಂದರೆ ಸ್ಟುಡಿಯೋ ಕರೆದರೆ ನಟ ಬರಲೇಬೇಕು, ಅದೂ ಮೊದಲೇ ಬರೆದಿಟ್ಟ ಸಂಭಾವನೆಗೆ. ಸ್ಟುಡಿಯೋ ಮಾತ್ರ ಕರೆಯಲೇಬೇಕು ಅಂತೇನಿಲ್ಲ. ಹಗ್ಗ ನಟನ ಸೊಂಟಕ್ಕಷ್ಟೇ ಕಟ್ಟಿರುತ್ತದೆ.

ಈಗ ಹೋವರ್ಡ್ ವಿಷಯ. ಮೊದಲ ಸಿನಿಮಾ ಬಂದಿದ್ದು 2008ರ ಮೇ ತಿಂಗಳಲ್ಲಿ. ಆ ತಂಡದಲ್ಲಿ ಮೊದಲು ಸಹಿ ಹಾಕಿದವರು ಅವರೇ, ಎಲ್ಲರಿಗಿಂತ ಜಾಸ್ತಿ ಸಂಭಾವನೆಯೂ ಅವರದೇ ಅಂತ ಎಂಟರ್‌ಟೈನ್‌ಮೆಂಟ್ ವೀಕ್ಲಿ ಪತ್ರಿಕೆ ಬರೆದಿತ್ತು. ಆಗ ನಾಯಕ ಟೋನಿ ಪಾತ್ರದ ರಾಬರ್ಟ್ ಡೌನಿ ಜೂನಿಯರ್ ಮೇಲೆ ದುಡ್ಡು ಹಾಕಲು ಜನ ಹೆದರುತ್ತಿದ್ದರು. ಸಿನಿಮಾ ಬಂತು, ಲೋಕದಾದ್ಯಂತ ಸುಮಾರು 58 ಕೋಟಿ ಡಾಲರ್ ಗಳಿಸಿತು. ತಕ್ಕಡಿ ಪೂರ್ತಿ ಆ ಕಡೆ ವಾಲಿತು. ಜನ ಬರುವುದು ಡೌನಿಗಾಗಿ ಅಂತ ಸ್ಟುಡಿಯೋಗೆ ಗೊತ್ತಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀಡಲ್ ಹೆಸರು ಹೊರಬಂತು. ಒಪ್ಪಿದ್ದ ದುಡ್ಡಿನ ಎಂಟನೇ ಒಂದು ಭಾಗ ಮಾತ್ರ ಕೊಡುತ್ತೇವೆ, ನೀವಿದ್ದರೂ ಇಲ್ಲದಿದ್ದರೂ ಸಿನಿಮಾ ಓಡುತ್ತದೆ ಅಂದರು ಅಂತ ಹೋವರ್ಡ್ 2013ರಲ್ಲಿ ಟಿವಿಯಲ್ಲಿ ಹೇಳಿದರು. ಅದು ಅವರ ಕಡೆಯ ಮಾತು. ಆದರೆ ನಾನು ನೋಡುವ ಕಡತಗಳಲ್ಲೂ ಎರಡನೇ ಭಾಗದ ಹೊತ್ತಿಗೆ ನಡೆಯುವುದು ಇದೇ. ಆಪ್ಷನ್ ಬಿಟ್ಟುಬಿಡುತ್ತೇವೆ ಅನ್ನುವ ಬೆದರಿಕೆ ಮುಂದಿಟ್ಟು ದುಡ್ಡು ಇಳಿಸುತ್ತಾರೆ.

ನನಗೆ ಬೇಜಾರಾಗುವುದು ಒಂದು ದೃಶ್ಯದ ಬಗ್ಗೆ. ಮೊದಲ ಸಿನಿಮಾದಲ್ಲಿ ರೋಡಿ ಆ ಬೆಳ್ಳಿ ಬಣ್ಣದ ಕವಚವನ್ನು ನೋಡಿ, ಮುಂದಿನ ಸಲ ನೋಡಿಕೋ ಅನ್ನುವ ಹಾಗೆ ಮಾತಾಡಿ ಹೋಗುತ್ತಾನೆ. ಮುಂದಿನ ಸಲ ಬಂತು. ಕವಚ ತೊಟ್ಟವರು ಚೀಡಲ್.

ಮೈಸೂರ್ ಪಾಕ್: ಹಾಗಾದ್ರೆ ಚೀಡಲ್ ಮಾಡಿದ್ದು ತಪ್ಪಲ್ವಾ? ಇನ್ನೊಬ್ಬರ ಅನ್ನ ಕಿತ್ತುಕೊಂಡ ಹಾಗೆ.

ಕರಾರು ವಕೀಲೆ: ಖಂಡಿತ ತಪ್ಪಲ್ಲ. ಚೀಡಲ್‌ಗೆ ಫೋನ್ ಬಂದಾಗ ಅವರು ಮಗುವಿನ ಹುಟ್ಟುಹಬ್ಬದ ಪಾರ್ಟಿಯಲ್ಲಿದ್ದರಂತೆ. ಆರು ಸಿನಿಮಾ, ಒಂದು ಗಂಟೆಯಲ್ಲಿ ಹೇಳಿ ಅಂದರಂತೆ. ಪಾರ್ಟಿಯಲ್ಲಿದ್ದೇನೆ ಅಂದಿದ್ದಕ್ಕೆ ಎರಡು ಗಂಟೆ ಕೊಟ್ಟರಂತೆ. ಇದನ್ನು ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಬರುವವರಿಗೂ ಯೋಚನೆ ಮಾಡಲು ಬಿಡುವುದಿಲ್ಲ. 2010ರ ಎರಡನೇ ಭಾಗದಲ್ಲಿ ಅವರ ಮೊದಲ ದೃಶ್ಯದಲ್ಲೇ, ನಾನು ಬಂದಿದ್ದೇನೆ, ಒಪ್ಪಿಕೊಂಡು ಮುಂದೆ ಹೋಗೋಣ ಅನ್ನುವ ಮಾತಿದೆ. ಟೋನಿಗೆ ಹೇಳಿದ ಹಾಗಿದ್ದರೂ ಅದು ನಮಗೆ ಹೇಳಿದ್ದು.

ಬಾವಲಿ ಹುಡುಗ: ಮೇಡಂ, ಒಂದು ಮೆಸೇಜ್ ಬಂದಿದೆ. "1989ರ ಬ್ಯಾಟ್‌ಮ್ಯಾನ್‌ನಲ್ಲಿ ಹಾರ್ವಿ ಡೆಂಟ್ ಆಗಿದ್ದ ಬಿಲ್ಲಿ ಡೀ ವಿಲಿಯಮ್ಸ್ ಜಾಗಕ್ಕೆ 1995ರಲ್ಲಿ ಟಾಮಿ ಲೀ ಜೋನ್ಸ್ ಬಂದರು. ಕರಾರು ಮುರಿದಿದ್ದಕ್ಕೆ ಸ್ಟುಡಿಯೋ ವಿಲಿಯಮ್ಸ್‌ಗೆ ಕೋಟಿಗಟ್ಟಲೆ ದಂಡ ಕಟ್ಟಿತು. ಎಲ್ಲಾ ಕಲಾವಿದರಿಗೂ ಕಳಿಸಿ." ನಿಜಾನಾ?

ಕರಾರು ವಕೀಲೆ: ನಿಜ ಅಲ್ಲ. ಬ್ಯಾಟ್‌ಮ್ಯಾನ್‌ಗೆ ತನ್ನದು ಒಂದೇ ಸಿನಿಮಾದ ಅಗ್ರಿಮೆಂಟ್ ಅಂತ ವಿಲಿಯಮ್ಸ್ ಅವರೇ ಹೇಳಿದ್ದಾರೆ. ಕಥೆಯಲ್ಲಿ ಡೆಂಟ್ ಮುಂದೆ ಎರಡು ಮುಖದ ಖಳನಾಗುತ್ತಾನೆ, ಅದನ್ನು ಮಾಡುವ ಆಸೆಯಿಂದ ಆ ಪಾತ್ರ ಒಪ್ಪಿದ್ದರು, ಅಷ್ಟೇ. ಆಸೆಗೆ ದಂಡ ಕಟ್ಟಿಸಲು ಆಗುವುದಿಲ್ಲ. ಕೊನೆಗೆ 2017ರ ಲೆಗೋ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಆ ಪಾತ್ರಕ್ಕೆ ಧ್ವನಿ ಕೊಟ್ಟರು.

ಹಸಿರು ದೈತ್ಯ: ಹಲ್ಕ್ ಪಾತ್ರದಿಂದ ಎಡ್ವರ್ಡ್ ನಾರ್ಟನ್‌ನ ತೆಗೆದಿದ್ದೂ ದುಡ್ಡಿಗೇನಾ?

ಕರಾರು ವಕೀಲೆ: ದುಡ್ಡಿನ ವಿಷಯ ಅಲ್ಲ ಅಂತ ಮಾರ್ವೆಲ್ 2010ರ ಜುಲೈನಲ್ಲಿ ಹೇಳಿಕೆ ಕೊಟ್ಟಿತು. ತಂಡದ ಜತೆ ಹೊಂದಿಕೊಂಡು ಹೋಗುವ ನಟ ಬೇಕು ಅನ್ನುವುದು ಅದರ ಸಾರ. ಮಾರ್ಕ್ ರಫಲೋ ಬಂದರು.

ಹುಬ್ಬಳ್ಳಿ ಹೀರೋ: ಮೇಡಮ್ಮಾರೇ ನಮಸ್ಕಾರ್ರೀ. ರೋಡಿ ಪಾತ್ರದಾಗ ಹೋವರ್ಡ್‌ನ ಯಾಕ್ ತೆಗದ್ರು?

ಕರಾರು ವಕೀಲೆ: ಮೇಲೆ ಬರೆದಿದ್ದೇನೆ. ಓದಿ.

ರಂಗಾಸಕ್ತ, ತುಮಕೂರು: ಎಲ್ಲ ಕಲಾವಿದರಿಗೂ ಉಪಯೋಗವಾಗುವ ಮಾಹಿತಿ. 100 ರೂಪಾಯಿ ಛಾಪಾ ಕಾಗದದ ಮೇಲೆ "ಈ ಪಾತ್ರ ಮತ್ತು ನನ್ನ ಮುಖ ನನ್ನ ಸ್ವಂತ ಆಸ್ತಿ, ನನ್ನ ಅನುಮತಿ ಇಲ್ಲದೆ ಬೇರೆಯವರನ್ನು ಹಾಕುವಂತಿಲ್ಲ" ಅಂತ ಬರೆದು, ನೋಟರಿ ಮಾಡಿಸಿ, ನಿರ್ಮಾಪಕರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಮೇಲೆ ಯಾರೂ ನಿಮ್ಮನ್ನು ಬದಲಾಯಿಸಲು ಸಾಧ್ಯವಿಲ್ಲ. ಆದಷ್ಟು ಜನರಿಗೆ ಹಂಚಿ.

ಕರಾರು ವಕೀಲೆ: ಹಂಚಬೇಡಿ. ಈ ಮೆಸೇಜ್ ಈ ವರ್ಷ ನನಗೆ ಬಂದಿರುವುದು ಇದು ನಾಲ್ಕನೇ ಸಲ. ನೀವು ಒಬ್ಬರೇ ಬರೆದು ಕಳಿಸಿದ ಕಾಗದದಿಂದ ಇನ್ನೊಬ್ಬರ ಮೇಲೆ ಕರಾರು ಹುಟ್ಟುವುದಿಲ್ಲ. ಇಬ್ಬರೂ ಒಪ್ಪಬೇಕು. ಪಾತ್ರ ನಟನ ಆಸ್ತಿಯಲ್ಲ, ಅದು ಬರೆದವರದು ಅಥವಾ ಅವರಿಂದ ಕೊಂಡವರದು. ನಟನದು ಅಭಿನಯ. ಇದನ್ನು ನಂಬಿ ಅಸಲಿ ಅಗ್ರಿಮೆಂಟ್ ಓದದೆ ಸಹಿ ಹಾಕಿದವರನ್ನು ನಾನು ನೋಡಿದ್ದೇನೆ.

ರಂಗಾಸಕ್ತ, ತುಮಕೂರು: ನಾನು ಒಳ್ಳೆಯ ಉದ್ದೇಶದಿಂದ ಹಾಕಿದೆ ಮೇಡಂ.

ಕೆಂಪು ಬುರುಡೆ: ಮೇಡಂ, ಕ್ಯಾಪ್ಟನ್ ಅಮೆರಿಕಾ ಸಿನಿಮಾದ ಖಳ ರೆಡ್ ಸ್ಕಲ್ ಪಾತ್ರ 2011ರಲ್ಲಿ ಹ್ಯೂಗೋ ವೀವಿಂಗ್ ಮಾಡಿದ್ದರು. 2018ರಲ್ಲಿ ರಾಸ್ ಮಾರ್ಕ್ವಾಂಡ್. ನನಗೆ ಥಿಯೇಟರ್‌ನಲ್ಲಿ ಗೊತ್ತೇ ಆಗಲಿಲ್ಲ. ಮುಖವಾಡ ಇದ್ದರೆ ನಟನಿಗೆ ಬೆಲೆ ಇಲ್ವಾ?

ಕರಾರು ವಕೀಲೆ: ಒಳ್ಳೆಯ ಪ್ರಶ್ನೆ. ವೀವಿಂಗ್ 2020ರ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಮೂರು ಸಿನಿಮಾಗಳಿಗೆ ಒಪ್ಪಿದ್ದರಂತೆ. ಆಮೇಲೆ ಮೊದಲಿಗಿಂತ ಬಹಳ ಕಡಿಮೆ ದುಡ್ಡು ಹೇಳಿದರಂತೆ. ಬರೀ ಧ್ವನಿಯ ಕೆಲಸ ತಾನೇ ಅಂದರಂತೆ. ಮುಖ ಕಾಣದಿದ್ದರೆ ನಟನ ಚೌಕಾಸಿಯ ಬಲ ಅರ್ಧ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಸೂಪರ್‌ಹೀರೋ ಸಿನಿಮಾ ಅಲ್ಲ, ಆದರೂ ಹೇಳಬೇಕು. 1989ರ ಬ್ಯಾಕ್ ಟು ದ ಫ್ಯೂಚರ್ ಎರಡನೇ ಭಾಗ. ಮೊದಲ ಭಾಗದಲ್ಲಿ ನಾಯಕನ ತಂದೆಯ ಪಾತ್ರ ಮಾಡಿದ್ದ ಕ್ರಿಸ್ಪಿನ್ ಗ್ಲೋವರ್ ಎರಡನೇ ಭಾಗಕ್ಕೆ ಬರಲಿಲ್ಲ. ಮೊದಲ ಸಿನಿಮಾಗೆ ತೆಗೆದಿದ್ದ ಅವರ ಮುಖದ ಅಚ್ಚು ಉಳಿದಿತ್ತು. ಅದರಿಂದ ಮೇಕಪ್ ಮುಖ ಮಾಡಿ ಜೆಫ್ರಿ ವೈಸ್‌ಮನ್ ಅನ್ನುವ ನಟನಿಗೆ ಅಂಟಿಸಿದರು. ಒಂದು ಕಡೆ ತಲೆಕೆಳಗಾಗಿ ನೇತುಹಾಕಿ ತೋರಿಸಿದರು, ಗುರುತು ಸಿಗದಿರಲಿ ಅಂತ. ಗ್ಲೋವರ್ ಕೋರ್ಟಿಗೆ ಹೋದರು, ರಾಜಿಯಾಯಿತು. ಆ ಜಗಳದ ನಂತರ ಅಲ್ಲಿನ ನಟರ ಸಂಘ ಇಂಥದ್ದಕ್ಕೆ ನಿಯಮ ತಂದಿತು. ಪಾತ್ರಕ್ಕೆ ಬೇರೆ ನಟನನ್ನು ಹಾಕಲಿ. ಆದರೆ ಹಳೆಯ ನಟನ ಮುಖವನ್ನೇ ಅವನಿಗೆ ತೊಡಿಸುವುದು ಕಳ್ಳತನ. ನನ್ನ ಅಭಿಪ್ರಾಯದಲ್ಲಿ ಗೆರೆ ಇರುವುದು ಅಲ್ಲೇ.

ವಕಾಂಡ ಕಲಬುರಗಿ: ಹಾಗಾದರೆ ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ರಾಜ ಟಿಚಾಲಾ ಪಾತ್ರಕ್ಕೆ ಬೇರೆ ನಟನನ್ನು ಹಾಕಬೇಕಿತ್ತು ಅಲ್ವಾ? ಅದನ್ನು ಮಾಡಿದ ಚಾಡ್ವಿಕ್ ಬೋಸ್ಮನ್ 2020ರ ಆಗಸ್ಟ್‌ನಲ್ಲಿ ಹೋದರು. ಪಾತ್ರವನ್ನೂ ಅವರ ಜತೆ ಹೂತುಬಿಟ್ಟರು. ಬೇರೆಯವರನ್ನು ಹಾಕಿ ಅಂತ ಜನ ಆನ್‌ಲೈನ್‌ನಲ್ಲಿ ಸಹಿ ಸಂಗ್ರಹ ಮಾಡಿದರು. ಅವರ ಸಹೋದರ ಕೂಡ ಅದನ್ನೇ ಹೇಳಿದರು.

ಅಪ್ಪು ಅಭಿಮಾನಿ, ಹೊಸಪೇಟೆ: ಬೇಡ ಗುರು. ಕೆಲವು ಜಾಗ ಖಾಲಿ ಇರಬೇಕು. ನಮ್ಮ ಅಪ್ಪು ಸರ್ ಜೇಮ್ಸ್ ಸಿನಿಮಾ 2022ರ ಮಾರ್ಚ್ 17ಕ್ಕೆ ಬಂತು. ಡಬ್ಬಿಂಗ್ ಮುಗಿಸುವ ಮೊದಲೇ ಅವರು ಹೋಗಿದ್ದರು. ಶಿವಣ್ಣ ಧ್ವನಿ ಕೊಟ್ಟರು. ಅಣ್ಣನ ಧ್ವನಿ ಅಂತ ಗೊತ್ತಿದ್ದೂ ಥಿಯೇಟರ್‌ನಲ್ಲಿ ನಮಗೆ ತಡೆದುಕೊಳ್ಳಲು ಆಗಲಿಲ್ಲ. ಇನ್ನು ಮುಖವೇ ಬೇರೆ ಅಂದರೆ?

ವಕಾಂಡ ಕಲಬುರಗಿ: ಅದು ಬೇರೆ, ಇದು ಬೇರೆ. ಅಲ್ಲಿ ಸಿನಿಮಾ ಮುಗಿಸಬೇಕಿತ್ತು. ಇಲ್ಲಿ ಕಪ್ಪು ಮಕ್ಕಳಿಗೆ ಒಬ್ಬ ರಾಜ ಸಿಕ್ಕಿದ್ದ. ನಟ ಹೋದ ಅಂತ ರಾಜನನ್ನೂ ಕಿತ್ತುಕೊಳ್ಳಬೇಕಾ? ವಿಲಿಯಂ ಹರ್ಟ್ 2022ರಲ್ಲಿ ತೀರಿಕೊಂಡರು. ಮಾರ್ವೆಲ್ ಸಿನಿಮಾಗಳಲ್ಲಿ ಅವರು ಮಾಡುತ್ತಿದ್ದ ಸೇನಾಧಿಕಾರಿ ರಾಸ್ ಪಾತ್ರಕ್ಕೆ 2025ರಲ್ಲಿ ಹ್ಯಾರಿಸನ್ ಫೋರ್ಡ್ ಬಂದರಲ್ಲ. ಮೀಸೆ ಕೂಡ ಇರಲಿಲ್ಲ. ಯಾರು ಅತ್ತರು?

ಅಪ್ಪು ಅಭಿಮಾನಿ, ಹೊಸಪೇಟೆ: ರಾಸ್ ಪೋಷಕ ಪಾತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವಕಾಂಡ ಕಲಬುರಗಿ: ಪೋಷಕ ನಟನಾದರೆ ಸಾವಿಗೆ ಬೆಲೆ ಕಡಿಮೆಯಾ? ಏನ್ ಮಾತಾಡ್ತೀರಿ?

ಅಪ್ಪು ಅಭಿಮಾನಿ, ಹೊಸಪೇಟೆ: ನಾನು ಹಾಗೆ ಹೇಳಿಲ್ಲ. ಓದಲು ಬರುತ್ತಾ ನಿಮಗೆ?

ಪುಟ್ಟ ಇರುವೆ: ಮೇಡಂ, ಆ್ಯಂಟ್ ಮ್ಯಾನ್ ಮಗಳು ಕ್ಯಾಸಿ ಪಾತ್ರಕ್ಕೆ ಮೂವರು ನಟಿಯರು ಬಂದರು. ಚಿಕ್ಕ ಮಕ್ಕಳ ಅಗ್ರಿಮೆಂಟ್ ಬೇರೆ ಥರ ಇರುತ್ತಾ?

ಅಡ್ಮಿನ್: ಕಲಬುರಗಿ, ಹೊಸಪೇಟೆ, ಇಬ್ಬರೂ ನಿಲ್ಲಿಸಿ. ತೀರಿಕೊಂಡವರ ಹೆಸರಲ್ಲಿ ಬೈದಾಡಬೇಡಿ.

ದಾವಣಗೆರೆ ಅಣ್ಣ: ಮೇಡಂ, ನಮ್ಮ ಮನೆ ವಿಷಯ. ತಂಗಿ ರಂಗಭೂಮಿ ನಟಿ. ಬೆಂಗಳೂರಿನ ಒಂದು ಕಂಪನಿಯ ಸೂಪರ್‌ಹೀರೋ ವೆಬ್ ಸರಣಿಯಲ್ಲಿ ನಾಯಕನ ಅಕ್ಕನ ಪಾತ್ರ ಮಾಡಿದಳು. ಎರಡನೇ ಭಾಗಕ್ಕೆ ಬೇರೆ ಹುಡುಗಿಯನ್ನು ತಗೊಂಡಿದ್ದಾರೆ. ಇವಳಿಗೆ 40 ಸಾವಿರ ಬಾಕಿ ಇದೆ. ಸೋಮವಾರದೊಳಗೆ ಒಂದು ಆಕ್ಷೇಪಣೆ ಇಲ್ಲ ಅನ್ನುವ ಪತ್ರಕ್ಕೆ ಸಹಿ ಹಾಕಿದರೆ ಬಾಕಿ ಕೊಡುತ್ತೇವೆ ಅಂತಾರೆ. ಮೊದಲ ಭಾಗದಲ್ಲಿ ಅವಳ ಮುಖವನ್ನು ಸುತ್ತಲೂ ಕ್ಯಾಮೆರಾ ಇಟ್ಟು ಸ್ಕ್ಯಾನ್ ಮಾಡಿದ್ದರು. ಸಹಿ ಹಾಕಲಾ?

ಕರಾರು ವಕೀಲೆ: ಬೇಡ. ಸಹಿ ಹಾಕಿಸಬೇಡಿ. ಈಗಲೇ ತಂಗಿಗೆ ಫೋನ್ ಮಾಡಿ ಹೇಳಿ, ಆಮೇಲೆ ಮುಂದೆ ಓದಿ.

ನಟಿಯನ್ನು ಬದಲಾಯಿಸಿದ್ದು ನನಗೆ ಚಿಂತೆ ಅಲ್ಲ. ಅದನ್ನು ತಡೆಯುವುದು ಕಷ್ಟ. ನನ್ನ ಚಿಂತೆ ಆ ಸ್ಕ್ಯಾನ್. ಬರೀ ಬದಲಾಯಿಸುವುದಾದರೆ ಅವರಿಗೆ ತಂಗಿಯ ಪತ್ರ ಯಾಕೆ ಬೇಕು? ಹೊಸ ಹುಡುಗಿಯ ಮೈಗೆ ಇವಳ ಮುಖ ಕೂರಿಸುವ ಯೋಚನೆ ಇರಬಹುದು. ಹಿಂದಿನ ಕಥೆಯ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡುವ ಯೋಚನೆಯೂ ಇರಬಹುದು. ಪತ್ರ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಗ್ಲೋವರ್ ಮುಖದ ಅಚ್ಚಿನ ಕಥೆ ಮೇಲೆ ಬರೆದಾಗ ನನ್ನ ತಲೆಯಲ್ಲಿ ಇದ್ದಿದ್ದು ಇಂಥ ಕೇಸುಗಳೇ.

ಮೂಲ ಅಗ್ರಿಮೆಂಟ್ ತೆಗೆಯಿರಿ. ಮುಖ, ಧ್ವನಿ, ಹೋಲಿಕೆ, ಸ್ಕ್ಯಾನ್ ಅನ್ನುವ ಪದಗಳು ಎಲ್ಲೆಲ್ಲಿವೆ ನೋಡಿ. ಮೊದಲ ಭಾಗಕ್ಕೆ ಮಾತ್ರ ಅಂತ ಇದೆಯಾ, ಅಥವಾ ಮುಂದೆ ಬರುವ ಎಲ್ಲದಕ್ಕೂ ಅಂತ ಇದೆಯಾ, ಅದೇ ಮುಖ್ಯ. ಬೇರೆ ಕಡೆ ನಟಿಸಬಾರದು ಅನ್ನುವ ಷರತ್ತು ಇದ್ದರೆ ಅದನ್ನೂ ಗುರುತು ಮಾಡಿ. ಕರಾರು ಮುಗಿದ ಮೇಲೂ ಕೆಲಸ ಮಾಡಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ ಸೆಕ್ಷನ್ 27ರ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದನ್ನು ಹಿಡಿದು ಹೆದರಿಸಿದರೆ ಹೆದರಬೇಡಿ.

ಮಾಡಿದ ಕೆಲಸದ ದುಡ್ಡು ಆಗಲೇ ಅವಳದು. ಅದಕ್ಕೆ ಹೊಸ ಸಹಿ ಯಾಕೆ? ಬಾಕಿ ಬೇರೆ, ಪತ್ರ ಬೇರೆ. ಎರಡನ್ನೂ ಗಂಟು ಹಾಕಲು ಬಿಡಬೇಡಿ. ಇನ್ನೊಂದು ಮಾತು. 2012ರ ತಿದ್ದುಪಡಿ ಆದ ಮೇಲೆ ನಮ್ಮ ಕಾಪಿರೈಟ್ ಕಾಯ್ದೆಯ 38ಬಿ ಸೆಕ್ಷನ್ ನಟರಿಗೆ ಎರಡು ಹಕ್ಕು ಕೊಡುತ್ತದೆ. ತಮ್ಮ ಅಭಿನಯಕ್ಕೆ ತಮ್ಮ ಹೆಸರು ಕೇಳಬಹುದು. ಅದನ್ನು ಮಾನಕ್ಕೆ ಕುಂದಾಗುವಂತೆ ತಿರುಚಿದರೆ ತಡೆಯಬಹುದು. ಪೂರ್ತಿ ರಕ್ಷಣೆ ಅಲ್ಲ, ಆದರೆ ಬರಿಗೈ ಕೂಡ ಅಲ್ಲ.

ರಂಗಾಸಕ್ತ, ತುಮಕೂರು: ಇಂಥ ಕೇಸಿಗೇ ಅಲ್ವಾ ನಾನು ಹಾಕಿದ ಛಾಪಾ ಕಾಗದ? ಕಳಿಸಿದರೆ ಕಂಪನಿಯವರು ಸ್ವಲ್ಪ ಹೆದರಬಹುದು.

ಕರಾರು ವಕೀಲೆ: ದಯವಿಟ್ಟು ನಿಲ್ಲಿಸಿ. ಇಲ್ಲಿ ಒಂದು ಹೆಣ್ಣುಮಗಳ ಮುಖದ ಪ್ರಶ್ನೆ ಇದೆ. ಪಾತ್ರ ನನ್ನ ಆಸ್ತಿ ಅಂತ ಬರೆದು ಕಳಿಸಿದರೆ ಎದುರಿನ ವಕೀಲರು ಅದನ್ನೇ ತೋರಿಸಿ ಇವರಿಗೆ ಏನೂ ಗೊತ್ತಿಲ್ಲ ಅಂತಾರೆ. ದಾವಣಗೆರೆಯವರೇ, ಅದನ್ನು ಕಳಿಸಬೇಡಿ.

ಹುಬ್ಬಳ್ಳಿ ಹೀರೋ: ಮೇಡಂ ನನ್ನ ಪ್ರಶ್ನೆಗೆ ಉತ್ತರಾನ ಬರಲಿಲ್ಲ. ರೋಡಿ ಯಾಕ್ ಬದಲಾದ?

ಮೈಸೂರ್ ಪಾಕ್: ರೀ, ಮೇಲೆ ಅಷ್ಟುದ್ದ ಬರೆದಿದ್ದಾರೆ. ಕಣ್ಣು ಕಾಣಲ್ವಾ?

ಹುಬ್ಬಳ್ಳಿ ಹೀರೋ: ನಿಮ್ಮನ್ನ ಯಾರ್ ಕೇಳಿದ್ರು?

ಬಾವಲಿ ಹುಡುಗ: ಬ್ಯಾಟ್‌ಮ್ಯಾನ್‌ನಲ್ಲಿ ರೇಚೆಲ್ ಪಾತ್ರ ಕೇಟಿ ಹೋಮ್ಸ್ ಬಿಟ್ಟಿದ್ದು, ಮ್ಯಾಗಿ ಜಿಲೆನ್‌ಹಾಲ್ ಬಂದಿದ್ದು, ಅದರ ಬಗ್ಗೆ ಹೇಳಿ ಮೇಡಂ.

ದಾವಣಗೆರೆ ಅಣ್ಣ: ಮೇಡಂ, ತಂಗಿ ಜತೆ ಮಾತಾಡಿದೆ. ಸಹಿ ಹಾಕಿಲ್ಲ. ಅಗ್ರಿಮೆಂಟ್ ಏಳನೇ ಪುಟದಲ್ಲಿ "ಈ ಸರಣಿ ಮತ್ತು ಇದರಿಂದ ಹುಟ್ಟುವ ಎಲ್ಲಾ ಕೃತಿಗಳಿಗೆ" ಅಂತ ಇದೆ. ಅವಳು ಅಳುತ್ತಿದ್ದಾಳೆ.

ಕರಾರು ವಕೀಲೆ: ಅಳಬೇಡ ಅನ್ನಿ. ಆ ಸಾಲು ಕೆಟ್ಟದ್ದೇ. ಆದರೆ ಅದರಲ್ಲೇ ಎಲ್ಲಾ ಇದ್ದಿದ್ದರೆ ಅವರು ಹೊಸ ಪತ್ರ ಕೇಳುತ್ತಿರಲಿಲ್ಲ. ಎಲ್ಲೋ ಕೊರತೆ ಇದೆ. ಏಳನೇ ಪುಟ, ಸಹಿಯ ಪುಟ, ಅವರು ಕಳಿಸಿದ ಪತ್ರ, ಮೂರರ ಫೋಟೋ ನನಗೆ ಖಾಸಗಿಯಾಗಿ ಕಳಿಸಿ. ಇಲ್ಲಿ ಹಾಕಬೇಡಿ. ಕಂಪನಿಯಿಂದ ಫೋನ್ ಬಂದರೆ ಮಾತಾಡುವುದು ಬೇಡ, ಇಮೇಲ್ ಮಾಡಿ ಅಂತ ಹೇಳಲಿ. ಇವತ್ತು ರಾತ್ರಿ ಒಂದೇ ಸಾಲು ಬರೆಯಲಿ: "ನನ್ನ ಬಾಕಿ 40 ಸಾವಿರ ಕೊಡಿ, ಪತ್ರವನ್ನು ನನ್ನ ವಕೀಲರು ನೋಡುತ್ತಿದ್ದಾರೆ." ಫೀಸಿನ ಮಾತು ಆಮೇಲೆ.

ಉಳಿದವರು ಕ್ಷಮಿಸಿ. ಇವತ್ತಿಗೆ ಸಿನಿಮಾ ಪ್ರಶ್ನೆ ಸಾಕು. ನಾನು ಆ ಪುಟಗಳನ್ನು ಓದಬೇಕು.