ಸಿಹಿ ಪಾನೀಯ ಕುಡಿದರೂ ಹಸಿವು ಏಕೆ ತಣಿಯುವುದಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗನಿಗೆ ಹದಿಮೂರು ವರ್ಷ. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಅಂಗಡಿಯಲ್ಲಿ ಮಾವಿನ ಪಾನೀಯದ 600 ಮಿಲಿ ಬಾಟಲಿ ಕೊಂಡು ಕುಡಿಯುವುದು ದಿನನಿತ್ಯದ ಅಭ್ಯಾಸವಾಗಿಬಿಟ್ಟಿದೆ. ಮನೆಗೆ ಬಂದ ಮೇಲೆ ಊಟವನ್ನೇನೂ ಕಡಿಮೆ ಮಾಡುವುದಿಲ್ಲ, ತೂಕ ಮಾತ್ರ ಏರುತ್ತಿದೆ. ಅತ್ತೆಯವರು ‘ಬರೀ ನಾಲಿಗೆ ಚಪಲ’ ಎಂದು ಅವನನ್ನು ಬೈಯುತ್ತಾರೆ. ಅಷ್ಟು ಸಕ್ಕರೆ ಒಳಗೆ ಹೋದರೂ ಹಸಿವು ಏಕೆ ಇಂಗುವುದಿಲ್ಲ? ಇದರಿಂದ ಮಿದುಳಿಗೆ ಏನಾದರೂ ಆಗುತ್ತದೆಯೇ?

ಆಹಾರ ತಜ್ಞೆಯ ಉತ್ತರ: ನಮಸ್ಕಾರ. ಮೊದಲು ಮಗನನ್ನು ಬೈಯುವುದು ನಿಲ್ಲಲಿ ಎಂದು ಕೇಳಿಕೊಳ್ಳುತ್ತೇನೆ. ಇದು ಅವನ ಗುಣದೋಷವಲ್ಲ. ದ್ರವರೂಪದಲ್ಲಿ ಬರುವ ಸಕ್ಕರೆಯನ್ನು ನಮ್ಮ ಹಸಿವಿನ ವ್ಯವಸ್ಥೆ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಇಂತಹ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಗೆ 12ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. 13 ಗ್ರಾಂ ಎಂದಿಟ್ಟುಕೊಂಡರೂ ಒಂದು ಬಾಟಲಿಗೆ 78 ಗ್ರಾಂ, ಅಂದರೆ ಹದಿನೈದು ಟೀ ಚಮಚಕ್ಕೂ ಹೆಚ್ಚು. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 310 ಕಿಲೊಕ್ಯಾಲರಿ, ಎಣ್ಣೆ ಹಾಕದ ಮೂರು ಚಪಾತಿಗಳಷ್ಟು. ಮೂರು ಚಪಾತಿ ತಿಂದ ಹುಡುಗ ರಾತ್ರಿ ಊಟದಲ್ಲಿ ತಾನಾಗಿಯೇ ಅನ್ನ ಕಡಿಮೆ ಹಾಕಿಸಿಕೊಳ್ಳುತ್ತಾನೆ. ಬಾಟಲಿ ಕುಡಿದವನು ಹಾಗೆ ಮಾಡುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಗುಂಪಿನ ಜನರಿಗೆ ದಿನಕ್ಕೆ 450 ಕಿಲೊಕ್ಯಾಲರಿಯಷ್ಟು ಸಕ್ಕರೆಯನ್ನು ನಾಲ್ಕು ವಾರ ಅಗಿಯುವ ಮಿಠಾಯಿಯಾಗಿ, ಇನ್ನು ನಾಲ್ಕು ವಾರ ಸೋಡಾ ಪಾನೀಯವಾಗಿ ಕೊಟ್ಟರು. ಮಿಠಾಯಿ ತಿಂದ ಅವಧಿಯಲ್ಲಿ ಅವರು ಉಳಿದ ಆಹಾರವನ್ನು ತಮಗರಿವಿಲ್ಲದೆಯೇ ಕಡಿಮೆ ಮಾಡಿಕೊಂಡಿದ್ದರು. ಪಾನೀಯದ ಅವಧಿಯಲ್ಲಿ ಹಾಗಾಗಲಿಲ್ಲ, ತೂಕವೂ ಏರಿತು.

ಅಗಿಯುವ ಕೆಲಸವಿಲ್ಲದಿರುವುದು, ನಾರು ಮತ್ತು ಪ್ರೋಟೀನ್ ಇಲ್ಲದಿರುವುದು, ದ್ರವ ಹೊಟ್ಟೆಯಿಂದ ಬೇಗನೆ ಮುಂದಕ್ಕೆ ಸಾಗುವುದು, ಇವೆಲ್ಲವೂ ಇದಕ್ಕೆ ಕಾರಣ. ಇನ್ನೊಂದು ಕಾರಣ ಸಕ್ಕರೆಯಲ್ಲೇ ಇದೆ. ಅದರ ಅರ್ಧ ಭಾಗ ಗ್ಲೂಕೋಸ್, ಅರ್ಧ ಭಾಗ ಫ್ರಕ್ಟೋಸ್. ಗ್ಲೂಕೋಸ್ ರಕ್ತಕ್ಕೆ ಸೇರಿದಾಗ ಇನ್ಸುಲಿನ್ ಏರುತ್ತದೆ, ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಹೈಪೋಥಲಾಮಸ್‌ಗೆ ‘ಆಹಾರ ಬಂದಿದೆ’ ಎಂಬ ಸೂಚನೆ ತಲುಪುತ್ತದೆ. ಫ್ರಕ್ಟೋಸ್ ಇನ್ಸುಲಿನ್ ಅನ್ನು ಅಷ್ಟಾಗಿ ಏರಿಸುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇಪ್ಪತ್ತು ಮಂದಿ ಆರೋಗ್ಯವಂತರ ಮಿದುಳನ್ನು ಸ್ಕ್ಯಾನ್ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಗ್ಲೂಕೋಸ್ ಕುಡಿದಾಗ ಹೈಪೋಥಲಾಮಸ್‌ನ ರಕ್ತಸಂಚಾರ, ಅಂದರೆ ಅದರ ಚಟುವಟಿಕೆ, ತಗ್ಗಿತು; ಫ್ರಕ್ಟೋಸ್ ಕುಡಿದಾಗ ತಗ್ಗಲಿಲ್ಲ.

ಹಸಿವಿನ ಭಾಗಕ್ಕೆ ಹೀಗೆ ಸೂಚನೆ ಸರಿಯಾಗಿ ತಲುಪದಿದ್ದರೂ ಮಿದುಳಿನ ಸಂತೋಷದ ಭಾಗ ಸುಮ್ಮನಿರುವುದಿಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಮಾತ್ರವಲ್ಲ, ಸಕ್ಕರೆ ಕರುಳನ್ನು ತಲುಪಿದಾಗಲೂ ಅಲ್ಲಿಂದ ನರಗಳ ಮೂಲಕ ಸಂಕೇತ ಹೋಗಿ, ‘ಇದು ಇನ್ನೂ ಬೇಕು’ ಎನಿಸುವ ಮಿದುಳಿನ ರಾಸಾಯನಿಕವಾದ ಡೋಪಮಿನ್ ಬಿಡುಗಡೆಯಾಗುತ್ತದೆ. ಸಿಹಿಯನ್ನು ಗುರುತಿಸುವ ಶಕ್ತಿಯೇ ಇಲ್ಲದಂತೆ ಬೆಳೆಸಿದ ಇಲಿಗಳೂ ಕೆಲವೇ ದಿನಗಳಲ್ಲಿ ಸಕ್ಕರೆ ನೀರನ್ನೇ ಆರಿಸಿಕೊಳ್ಳಲು ಕಲಿತದ್ದು 2008ರ ಪ್ರಯೋಗವೊಂದರಲ್ಲಿ ಕಂಡುಬಂತು. ಹೀಗಾಗಿ ‘ನಾಲಿಗೆ ಚಪಲ’ ಎಂಬ ಆರೋಪ ಪಾಪ ನಾಲಿಗೆಯೊಂದರ ಮೇಲೆಯೇ ಬೀಳಬೇಕಿಲ್ಲ. ಆದರೆ ಇದನ್ನು ಮಾದಕವಸ್ತುಗಳ ಚಟಕ್ಕೆ ಸಮನೆಂದು ಹೇಳಲು ಮನುಷ್ಯರಲ್ಲಿ ಸಾಕಷ್ಟು ಪುರಾವೆಯಿಲ್ಲ. ಮಗನನ್ನು ಆ ಮಾತಿನಿಂದ ಹೆದರಿಸಬೇಡಿ. ಸಕ್ಕರೆ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆಂಬ ನಂಬಿಕೆಯನ್ನೂ ಎಚ್ಚರಿಕೆಯಿಂದ ನಡೆಸಿದ ಪ್ರಯೋಗಗಳು ಸಮರ್ಥಿಸಿಲ್ಲ.

ನನಗೆ ನಿಜವಾಗಿ ಆತಂಕವಿರುವುದು ಯಕೃತ್ತಿನ ವಿಷಯದಲ್ಲಿ. ಹೆಚ್ಚಿನ ಪ್ರಮಾಣದ ಫ್ರಕ್ಟೋಸ್ ಒಮ್ಮೆಲೇ ಬಂದಾಗ ಯಕೃತ್ತು ಅದರ ಒಂದು ಭಾಗವನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಇದು ವರ್ಷಗಟ್ಟಲೆ ನಡೆದರೆ ಯಕೃತ್ತಿನಲ್ಲಿ ಕೊಬ್ಬು ಸೇರುವುದು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮತ್ತು ಯೂರಿಕ್ ಆಮ್ಲ ಏರುವುದು, ಮುಂದೆ ಟೈಪ್ 2 ಮಧುಮೇಹದ ಅಪಾಯ ಹೆಚ್ಚುವುದು, ಒಂದರ ಹಿಂದೆ ಒಂದು ಬರಬಹುದು.

ಅದೇ ತಾಯಿ: ಬಾಟಲಿಯ ಹಿಂದೆ ಸಕ್ಕರೆಯ ಪ್ರಮಾಣ ಕಡಿಮೆಯೇ ಇದ್ದಂತೆ ಕಾಣುತ್ತದೆಯಲ್ಲ ಮೇಡಂ?

ಉತ್ತರ: ಲೇಬಲ್ಲನ್ನು ಹೀಗೆ ಓದಿ. ಅಲ್ಲಿ 100 ಮಿಲಿಗೆ ಎಷ್ಟು ಎಂಬ ಸಾಲು ಇರುತ್ತದೆ. ಜೊತೆಗೆ ‘ಒಂದು ಸರ್ವಿಂಗ್’ ಎಂದು ಕಂಪನಿಯೇ ನಿಗದಿಪಡಿಸಿದ ಅಳತೆಯೂ ಇರುತ್ತದೆ. ಅದು 200 ಮಿಲಿ ಎಂದಿದ್ದರೆ ನಿಮ್ಮ ಮಗ ಕುಡಿಯುವುದು ಮೂರು ಸರ್ವಿಂಗ್. ಶೇಕಡಾವಾರು ಲೆಕ್ಕಕ್ಕೆ ನಮ್ಮ ದೇಶದ ಲೇಬಲ್‌ಗಳು ದಿನಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆಯನ್ನು ಆಧಾರವಾಗಿಟ್ಟುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2015ರ ಮಾರ್ಗಸೂಚಿಯಲ್ಲಿ, ಸಾಧ್ಯವಾದರೆ ಒಟ್ಟು ಶಕ್ತಿಯ ಶೇ. 5ಕ್ಕಿಂತ ಕಡಿಮೆ, ಅಂದರೆ ವಯಸ್ಕರಿಗೂ ಸುಮಾರು 25 ಗ್ರಾಂ ಸಾಕು ಎಂದಿದೆ.

ಮತ್ತೊಬ್ಬರು: ಸಕ್ಕರೆಯಿಲ್ಲದ ‘ಡಯಟ್’ ಪಾನೀಯ ಕೊಡಿಸಬಹುದೇ? ಬೆಲ್ಲದ ಪಾನಕ, ಕಬ್ಬಿನ ಹಾಲು ಪರವಾಗಿಲ್ಲವೇ? ಬಿಸಿಲಿಗೆ ಓಆರ್‌ಎಸ್ ಪೊಟ್ಟಣಗಳನ್ನು ಕುಡಿಸುತ್ತೇವೆ.

ಉತ್ತರ: ನೆದರ್ಲೆಂಡ್ಸ್‌ನಲ್ಲಿ 641 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಂದು 250 ಮಿಲಿ ಸಕ್ಕರೆಯ ಪಾನೀಯದ ಬದಲು ಸಕ್ಕರೆರಹಿತ ಪಾನೀಯ ಕುಡಿದವರ ತೂಕ ಹದಿನೆಂಟು ತಿಂಗಳಲ್ಲಿ ಸರಾಸರಿ ಒಂದು ಕಿಲೋದಷ್ಟು ಕಡಿಮೆ ಏರಿತ್ತು. ಹಾಗಿದ್ದರೂ ತೂಕ ನಿಯಂತ್ರಣಕ್ಕೆಂದು ಕೃತಕ ಸಿಹಿಯನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು, ಏಕೆಂದರೆ ದೀರ್ಘಾವಧಿಯ ಲಾಭ ಕಂಡುಬಂದಿಲ್ಲ. ದಿನಕ್ಕೆರಡು ಬಾಟಲಿ ಕುಡಿಯುವ ವಯಸ್ಕರಿಗೆ ಅದು ತಾತ್ಕಾಲಿಕ ಮೆಟ್ಟಿಲಾಗಬಹುದು. ಮಕ್ಕಳ ಬಾಯಿಗೆ ಅತಿಸಿಹಿಯ ರುಚಿಯನ್ನೇ ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ಬೆಲ್ಲದಲ್ಲೂ ಬಹುಭಾಗ ಸಕ್ಕರೆಯೇ, ಕಬ್ಬಿನ ಹಾಲಿನಲ್ಲೂ ಅದೇ. ರಾಮನವಮಿಯ ದಿನ ಕೋಸಂಬರಿಯೊಂದಿಗೆ ಒಂದು ಲೋಟ ಪಾನಕ ಕುಡಿಯುವುದಕ್ಕೂ ದಿನವೂ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಓಆರ್‌ಎಸ್ ವಾಂತಿ-ಭೇದಿಯಾದಾಗ ಕೊಡುವ ಔಷಧ; ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಇದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆಯ ಪಾನೀಯಗಳು ಅದೇ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಕಾರಣ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಳ ಕಾಲ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು.

ಮೊದಲ ತಾಯಿ: ಹಾಗಾದರೆ ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡಲೇ?

ಉತ್ತರ: ಟ್ಯೂಷನ್ ಬಿಡುವ ಹೊತ್ತಿಗೆ ಅವನಿಗೆ ಬಾಯಾರಿಕೆ ಮತ್ತು ಹಸಿವು ಎರಡೂ ಇರುತ್ತವೆ; ಅಂಗಡಿಗೆ ಹೋಗುವ ಮುನ್ನವೇ ಅವೆರಡನ್ನೂ ತಣಿಸಿ. ಬ್ಯಾಗಿನಲ್ಲಿ ನೀರಿನ ಬಾಟಲಿ, ಒಂದು ಡಬ್ಬಿ ಕಡಲೆಕಾಳಿನ ಉಸಲಿ ಅಥವಾ ಬೇಯಿಸಿದ ಮೊಟ್ಟೆ ಇಟ್ಟುಕೊಡಿ, ಮನೆಗೆ ಬಂದೊಡನೆ ಮಜ್ಜಿಗೆ ಕೊಡಿ. ಮೊದಲ ವಾರ ದೊಡ್ಡ ಬಾಟಲಿಯ ಬದಲು ಚಿಕ್ಕದು, ಆಮೇಲೆ ದಿನ ಬಿಟ್ಟು ದಿನ, ಹೀಗೆ ಇಳಿಸುತ್ತ ಬನ್ನಿ. ಮನೆಯ ಫ್ರಿಜ್ಜಿನಲ್ಲಿ ದೊಡ್ಡವರ ಬಾಟಲಿಯೂ ಇರಬಾರದು. ಅವನ ಕತ್ತಿನ ಹಿಂಭಾಗ ಅಥವಾ ಕಂಕುಳಿನ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಇನ್ಸುಲಿನ್ ಪ್ರತಿರೋಧದ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದರ, ಗುರುತಿರಬಹುದು. ಹಾಗಿದ್ದಲ್ಲಿ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ, ಖಾಲಿ ಹೊಟ್ಟೆಯ ರಕ್ತದ ಸಕ್ಕರೆ ಮತ್ತು ಯಕೃತ್ತಿನ ಪರೀಕ್ಷೆ ಬೇಕೇ ಎಂದು ಕೇಳಿ.