ಲೆವೆಲ್ 1ಕ್ಕೇ ಹಾರುವ ಆರಕೋಕ್ರಾ, ಜೊತೆಗೆ ಫ್ಲ್ಯಾಂಕಿಂಗ್, ಗ್ರಿಟಿ ರಿಯಲಿಸಂ: ಯಾವುದು ಇಡಲಿ, ಯಾವುದು ಬಿಡಲಿ?

ಪಾಳುಕೋಟೆ_ಡಿಎಂ:
ಡಿ&ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರಗಳಾಗಿ ಆಡೋ ಆಟ) 5ನೇ ಎಡಿಷನ್, 2014ರ ಪುಸ್ತಕಗಳು. ನಾನು ಡಿಎಂ, ಅಂದರೆ ಆಟ ನಡೆಸೋನು. ಐದು ಜನ ಪ್ಲೇಯರ್ಸ್, ಲೆವೆಲ್ 1ರಿಂದ 8. ಮೊದಲರ್ಧ ಕಾಡಿನ ಪ್ರಯಾಣ, ಆಮೇಲೆ ಪಾಳುಬಿದ್ದ ಕೋಟೆಯ ನೆಲಮಾಳಿಗೆ. ರೇಸ್ ಆಯ್ಕೆ ಹೀಗೆ ಬಂದಿದೆ ('ಜಾತಿ' ಅಂತ ಬರೆದರೆ ಚರ್ಚೆ ಎಲ್ಲಿಗೋ ಹೋಗುತ್ತೆ, 'ಕುಲ' ಅನ್ನೋಣ): ಆರಕೋಕ್ರಾ (ಹಕ್ಕಿ-ಮನುಷ್ಯ) ಫೈಟರ್ (ಯೋಧ), ಕೈಯಲ್ಲಿ ಲಾಂಗ್‌ಬೋ (ಉದ್ದ ಬಿಲ್ಲು), ಯುವಾನ್-ಟಿ (ಹಾವು-ಮನುಷ್ಯ) ಸಾರ್ಸರರ್ (ಹುಟ್ಟು ಮಂತ್ರವಾದಿ), ಡ್ರೌ (ನೆಲದಡಿಯ ಎಲ್ಫ್) ರೋಗ್ (ಕಳ್ಳ), ತಾಶಾ ಪುಸ್ತಕದ ನಿಯಮದಂತೆ ಸಾಮರ್ಥ್ಯದ ಅಂಕ ಬದಲಿಸಿದ ಮೌಂಟನ್ ಡ್ವಾರ್ಫ್ (ಕುಳ್ಳ) ವಿಝರ್ಡ್ (ಓದಿ ಕಲಿತ ಮಂತ್ರವಾದಿ), ವೇರಿಯಂಟ್ ಹ್ಯೂಮನ್ ಪ್ಯಾಲಡಿನ್ (ಧರ್ಮಯೋಧ). ಐಚ್ಛಿಕ ನಿಯಮಗಳಲ್ಲಿ ಫ್ಲ್ಯಾಂಕಿಂಗ್ (ಶತ್ರುವಿನ ಎರಡು ಕಡೆ ಎದುರುಬದುರು ಇಬ್ಬರು ನಿಂತರೆ ಹೊಡೆಯೋಕೆ ಅನುಕೂಲ), ಗ್ರಿಟಿ ರಿಯಲಿಸಂ (ವಿಶ್ರಾಂತಿಗೆ ಬಹಳ ಹೆಚ್ಚು ಸಮಯ), ವೇರಿಯಂಟ್ ಎನ್‌ಕಂಬ್ರೆನ್ಸ್ (ಹೊರೆ ಜಾಸ್ತಿಯಾದರೆ ವೇಗ ಕಡಿಮೆ) ಮೂರನ್ನೂ ಹಾಕೋ ಯೋಚನೆ. ಆಟ ಶುರುವಾದ ಮೇಲೆ ನಿಯಮ ವಾಪಸ್ ತಗೊಳ್ಳೋಕೆ ಇಷ್ಟವಿಲ್ಲ. ಎಲ್ಲಿ ಕೈಕೊಡುತ್ತೆ ಹೇಳಿ.

ಇಪ್ಪತ್ಮುಖಿ:
ಫ್ಲ್ಯಾಂಕಿಂಗ್ ಬಿಟ್ಟುಬಿಡಿ. ಲೆಕ್ಕ ನೋಡಿ: ದಾಳಕ್ಕೆ +5 ಸೇರಿಸೋನು ಎಸಿ (ರಕ್ಷಣೆಯ ಅಂಕ) 16ಕ್ಕೆ ಹೊಡೆಯೋಕೆ 20 ಮುಖದ ದಾಳದಲ್ಲಿ 11 ಅಥವಾ ಮೇಲೆ ಬೀಳಬೇಕು, ಅಂದರೆ 50%. ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನ ತಗೊಳ್ಳೋದು) ಸಿಕ್ಕರೆ 75%. ಕ್ರಿಟ್ (20 ಬಿದ್ದಾಗಿನ ಭಾರಿ ಏಟು) 5%ನಿಂದ 9.75%. ಇಷ್ಟು ದೊಡ್ಡ ಲಾಭ ಎದುರುಬದುರು ನಿಂತರೆ ಬಿಟ್ಟಿ ಸಿಗುತ್ತೆ ಅಂದಮೇಲೆ ಅಡ್ವಾಂಟೇಜ್ ಕೊಡೋ ಫೇರಿ ಫೈರ್ ಮಂತ್ರಕ್ಕೆ ಸ್ಲಾಟ್ (ಮಂತ್ರ ಹಾಕೋ ಸೀಮಿತ ಅವಕಾಶ) ಖರ್ಚು ಮಾಡೋರು ಯಾರು? ಎದುರಾಳಿಯನ್ನ ಕೆಳಗೆ ಬೀಳಿಸೋಕೆ ಒಂದು ಅಟ್ಯಾಕ್ ಬಿಟ್ಟುಕೊಡೋರು ಯಾರು? ಎರಡೇ ಸೆಷನ್ನಲ್ಲಿ ಮ್ಯಾಪ್ ಮೇಲೆ ಮನುಷ್ಯ, ಶತ್ರು, ಮನುಷ್ಯ, ಶತ್ರು ಅಂತ ರೈಲುಬಂಡಿ ಸಾಲು ನಿಲ್ಲುತ್ತೆ.

ನಿಮ್ಮ ಪಾರ್ಟಿಗೆ ಇನ್ನೂ ಒಂದು ಹೊಡೆತ. ಮುಂದೆ ನಿಲ್ಲೋದು ಪ್ಯಾಲಡಿನ್ ಒಬ್ಬನೇ. ಗಾಬ್ಲಿನ್ ಆರು ಬಂದರೆ ಇದೇ ನಿಯಮ ಅವಕ್ಕೂ ಅನ್ವಯ, ಸುತ್ತುವರೆದು ಹೊಡೀತವೆ. ರೋಗ್‌ಗೆ ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆಯೋ ಹೆಚ್ಚುವರಿ ಏಟು) ಬೇಕಾದರೆ ಶತ್ರುವಿನಿಂದ 5 ಅಡಿಯೊಳಗೆ ಜೊತೆಗಾರ ಇದ್ದರೆ ಸಾಕು, ಫ್ಲ್ಯಾಂಕಿಂಗ್ ಬೇಕಾಗಿಲ್ಲ. ಪ್ಲೇಯರ್ಸ್ ಹಟ ಹಿಡಿದರೆ ಅಡ್ವಾಂಟೇಜ್ ಬದಲು +2 ಕೊಡಿ, 50% ಹೋಗಿ 60% ಆಗುತ್ತೆ. ಅಷ್ಟು ತಡ್ಕೋಬಹುದು.

ಗವಿಮಲ್ಲ:
ಆರಕೋಕ್ರಾ ಬಗ್ಗೆ ಹೇಳ್ತೀನಿ. 2015ರ ರೂಪದಲ್ಲಿ ಹಾರೋ ವೇಗ 50 ಅಡಿ. 2022ರ ಮಾನ್‌ಸ್ಟರ್ಸ್ ಆಫ್ ದಿ ಮಲ್ಟಿವರ್ಸ್‌ನಲ್ಲಿ ನಡಿಗೆಯಷ್ಟೇ, 30 ಅಡಿ. ಹೊಸದನ್ನೇ ಕೊಡಿ. ಎರಡರಲ್ಲೂ ಮೀಡಿಯಂ, ಹೆವಿ ಆರ್ಮರ್ ಹಾಕ್ಕೊಂಡು ಹಾರೋ ಹಾಗಿಲ್ಲ, ಇದನ್ನ ಮೊದಲೇ ಹೇಳಿಬಿಡಿ.

ಕಷ್ಟ ಎಲ್ಲಿ ಬರುತ್ತೆ ಅಂದರೆ, ಲಾಂಗ್‌ಬೋ ರೇಂಜ್ 150/600 (ಅಡಿಯಲ್ಲಿ; ಮೊದಲನೇದು ಮಾಮೂಲಿ ದೂರ, ಎರಡನೇದು ಗರಿಷ್ಠ). ಗಾಬ್ಲಿನ್, ಅಸ್ಥಿಪಂಜರದ ಕೈಲಿರೋ ಶಾರ್ಟ್‌ಬೋ 80/320. ಮೇಲೆ 100 ಅಡಿಯಲ್ಲಿ ನಿಂತವನಿಗೆ ಅವು ಡಿಸ್ಅಡ್ವಾಂಟೇಜ್‌ನಲ್ಲೇ (ಎರಡು ದಾಳದಲ್ಲಿ ಚಿಕ್ಕದನ್ನ ತಗೊಂಡು) ಬಾಣ ಬಿಡಬೇಕು. ಬಯಲಲ್ಲಿ ಇದು ಏಕಪಕ್ಷೀಯ ಬೇಟೆ. ಆದರೆ ನಿಮ್ಮದು ಕಾಡು ಮತ್ತು ನೆಲಮಾಳಿಗೆ. ಮರದ ಚಪ್ಪರದ ಮೇಲೆ ಹೋದರೆ ಕೆಳಗಿನದು ಕಾಣಲ್ಲ, 10 ಅಡಿ ಸೂರಿನ ಕೆಳಗೆ ರೆಕ್ಕೆ ಇದ್ದೂ ಅಷ್ಟಕ್ಕಷ್ಟೇ. ಹಾಗಾಗಿ ಬ್ಯಾನ್ ಬೇಡ. ಬಯಲಿನ ಕಾಳಗ ಇಟ್ಟಾಗ ಒಂದಿಬ್ಬರು ಸ್ಕೌಟ್‌ಗಳನ್ನ ಸೇರಿಸಿ, ಅವರ ಹತ್ತಿರಾನೂ ಲಾಂಗ್‌ಬೋ ಇರುತ್ತೆ.

ಪ್ಲೇಯರ್‌ಗೆ ಮಾತ್ರ ಈ ಲೆಕ್ಕ ಮೊದಲ ದಿನವೇ ತೋರಿಸಿ. ಲೆವೆಲ್ 1 ಫೈಟರ್, ಕಾನ್ (ದೇಹದಾರ್ಢ್ಯ) 14, ಎಚ್‌ಪಿ (ಜೀವದ ಅಂಕ) 12. ಮೇಲೆ 60 ಅಡಿಯಲ್ಲಿ ಎಚ್‌ಪಿ ಸೊನ್ನೆ ಆದರೆ ಪ್ರಜ್ಞೆ ತಪ್ಪಿ ಬೀಳ್ತಾನೆ. 10 ಅಡಿಗೆ 1ಡಿ6 (ಆರು ಮುಖದ ಒಂದು ದಾಳ), ಒಟ್ಟು 6ಡಿ6, ಸರಾಸರಿ 21. ಸೊನ್ನೆಯಲ್ಲಿರೋನಿಗೆ ಒಂದೇ ಏಟಲ್ಲಿ ಪೂರ್ತಿ ಎಚ್‌ಪಿಯಷ್ಟು ಡ್ಯಾಮೇಜ್ ಆದರೆ ಡೆತ್ ಸೇವ್ (ಬದುಕುಳಿಯೋಕೆ ಹಾಕೋ ದಾಳ) ಇಲ್ಲ, ಸತ್ತಂಗೇ. 40 ಅಡಿಯಿಂದ ಬಿದ್ದರೂ ಸರಾಸರಿ 14, ಅದೇ ಗತಿ. ಸ್ಲೀಪ್ ಮಂತ್ರ ತಗುಲಿದರೂ ಬೀಳ್ತಾನೆ. ವಿಝರ್ಡ್ ಫೆದರ್ ಫಾಲ್ (ಬೀಳೋದನ್ನ ನಿಧಾನ ಮಾಡೋ ಮಂತ್ರ) ಕಲಿತು ಅದಕ್ಕೊಂದು ಸ್ಲಾಟ್ ಉಳಿಸಿಕೊಳ್ಳಲಿ.

ಯುವಾನ್-ಟಿನೂ 2022ರದ್ದೇ ಇರಲಿ. 2016ರದ್ದರಲ್ಲಿ ವಿಷ ತಾಗೋದೇ ಇಲ್ಲ, ಕಾಡಿನ ಹಾವು ಚೇಳೆಲ್ಲ ಅವನ ಮುಂದೆ ಬೊಂಬೆ. ಹೊಸದರಲ್ಲಿ ವಿಷದ ಡ್ಯಾಮೇಜ್‌ಗೆ ರೆಸಿಸ್ಟೆನ್ಸ್ (ಅರ್ಧ ಏಟು), ವಿಷವೇರದಂತೆ ಹಾಕೋ ಸೇವ್‌ಗೆ (ತಪ್ಪಿಸಿಕೊಳ್ಳೋ ದಾಳ) ಅಡ್ವಾಂಟೇಜ್ ಮಾತ್ರ. ಮಂತ್ರದ ವಿರುದ್ಧ ಸೇವ್‌ಗೆ ಅಡ್ವಾಂಟೇಜ್ ಎರಡರಲ್ಲೂ ಇದೆ, ಅದೇ ಸಾಕಷ್ಟು ಜಾಸ್ತಿ.

ಮೂಟೆ_ಲೆಕ್ಕಿಗ:
ಡ್ವಾರ್ಫ್ ವಿಝರ್ಡ್‌ಗೆ ಹೆದರಬೇಡಿ, ನೀವು ಹಾಕ್ತಿರೋ ಎನ್‌ಕಂಬ್ರೆನ್ಸೇ ಅವನನ್ನ ನೋಡ್ಕೊಳ್ಳುತ್ತೆ. ಎರಡು +2ನ್ನೂ ಇಂಟ್ (ಬುದ್ಧಿ), ಕಾನ್‌ಗೆ ಕೊಟ್ಟೋನು ಸ್ಟ್ರೆಂತ್ (ಬಲ) 8ಕ್ಕೇ ಬಿಟ್ಟಿರ್ತಾನೆ. ವೇರಿಯಂಟ್ ಪ್ರಕಾರ ಸ್ಟ್ರೆಂತ್‌ನ 5 ಪಟ್ಟು ಪೌಂಡ್ ದಾಟಿದರೆ ವೇಗ 10 ಅಡಿ ಕಡಿಮೆ. ಅವನ ಮಿತಿ 40 ಪೌಂಡ್, ಸ್ಕೇಲ್ ಮೇಲ್ ಕವಚ ಒಂದೇ 45. ಮೊದಲೇ 25 ಅಡಿ ನಡಿಗೆ, ಈಗ 15. ಹೆವಿ ಆರ್ಮರ್‌ನಿಂದ ಡ್ವಾರ್ಫ್ ವೇಗ ಕುಗ್ಗಲ್ಲ ಅನ್ನೋ ಸಾಲು ತೋರಿಸ್ತಾನೆ, ಅದು ಹೊರೆಗೆ ಅನ್ವಯಿಸಲ್ಲ. 20 ಪೌಂಡಿನ ಚೈನ್ ಶರ್ಟ್ ಹಾಕ್ಕೊಂಡು ಆರಾಮಾಗಿರಲಿ.

ಗ್ರಿಟಿ ರಿಯಲಿಸಂನಲ್ಲಿ (ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ) ಎರಡು ತೂತಿವೆ. ವಿಝರ್ಡ್‌ಗೆ ಸ್ಲಾಟ್ ವಾಪಸ್ ಕೊಡೋ ಆರ್ಕೇನ್ ರಿಕವರಿ 'ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ ಆದಮೇಲೆ' ಅಂತಿದೆ. ಈಗ ಪ್ರತಿ ರಾತ್ರಿ ಶಾರ್ಟ್ ರೆಸ್ಟ್, ಅಂದರೆ ವಾರಕ್ಕೆ ಒಂದ್ಸಲ ಸಿಗಬೇಕಾದ್ದು ದಿನಾ ಸಿಗುತ್ತೆ. 'ಲಾಂಗ್ ರೆಸ್ಟಿಗೊಮ್ಮೆ' ಅಂತ ತಿದ್ದಿ. ಎರಡನೇದು ಬೆಳಗಾದರೆ ಚಾರ್ಜ್ ತುಂಬಿಕೊಳ್ಳೋ ವಸ್ತುಗಳು. ವಾಂಡ್ ಆಫ್ ಮ್ಯಾಜಿಕ್ ಮಿಸೈಲ್ಸ್ ದಿನಾ ಬೆಳಿಗ್ಗೆ 1ಡಿ6+1 ವಾಪಸ್ ಪಡೆಯುತ್ತೆ. ಸ್ಲಾಟ್‌ಗೆ ವಾರಗಟ್ಟಲೆ ಕಾಯೋ ಆಟದಲ್ಲಿ ಆ ಕಡ್ಡಿಯೇ ದೊಡ್ಡ ಮಂತ್ರವಾದಿ.

ಕಾಡಲ್ಲಿ ದಿನಕ್ಕೊಂದು ಕಾಳಗ ಆದರೆ ಈ ನಿಯಮ ಚೆನ್ನಾಗಿ ಕೂರುತ್ತೆ. ಕೋಟೆಯೊಳಗೆ ಒಂದೇ ದಿನ ಆರೇಳು ಕಾಳಗ ಬಂದರೆ ಉಸಿರು ಕಟ್ಟುತ್ತೆ: ಹಿಟ್ ಡೈಸ್ (ಎಚ್‌ಪಿ ವಾಪಸ್ ಪಡೆಯೋ ದಾಳ) ಖರ್ಚು ಮಾಡೋಕೂ 8 ಗಂಟೆ ಬೇಕು, 8 ಗಂಟೆ ಇರೋ ಮೇಜ್ ಆರ್ಮರ್ ರಕ್ಷಣಾ ಮಂತ್ರ ಒಂದು ವಿಶ್ರಾಂತಿಗೇ ಮುಗಿದಿರುತ್ತೆ. ಪ್ರಯಾಣಕ್ಕೆ ಗ್ರಿಟಿ, ಕೋಟೆ ಬಾಗಿಲು ದಾಟಿದ ಮೇಲೆ ಮಾಮೂಲಿ ರೆಸ್ಟ್. ಇದನ್ನ ಈಗಲೇ ಬರೆದು ಎಲ್ಲರಿಗೂ ಕಳಿಸಿ, ಆಮೇಲೆ 'ವಾಪಸ್ ತಗೊಂಡ್ರಿ' ಅನ್ನೋ ಮಾತು ಬರಲ್ಲ.

ಪಾಳುಕೋಟೆ_ಡಿಎಂ:
ಫ್ಲ್ಯಾಂಕಿಂಗ್ ತೆಗೆದೆ, ರೆಸ್ಟ್ ಎರಡು ಭಾಗ ಮಾಡ್ತೀನಿ. ಡ್ರೌ ಬಗ್ಗೆ ಯಾರೂ ಹೇಳಲಿಲ್ಲ. ಹಗಲೆಲ್ಲ ಕಾಡಲ್ಲಿ ನಡೆದರೆ ಸನ್‌ಲೈಟ್ ಸೆನ್ಸಿಟಿವಿಟಿಯಿಂದ ರೋಗ್ ಸುಮ್ಮನೆ ಕೂರಬೇಕಾ?

ಗವಿಮಲ್ಲ:
ಇಲ್ಲ ಮಾರಾಯ್ರೆ. ಅದು ನೇರ ಬಿಸಿಲಿಗೆ ಮಾತ್ರ. ತಾನಾಗಲಿ ಗುರಿಯಾಗಲಿ ಬಿಸಿಲಲ್ಲಿದ್ದರೆ ಅಟ್ಯಾಕ್‌ಗೆ ಡಿಸ್ಅಡ್ವಾಂಟೇಜ್, ಆಗ ಸ್ನೀಕ್ ಅಟ್ಯಾಕ್ ಕೂಡ ಹೋಯ್ತು. ದಟ್ಟ ಮರದ ನೆರಳಲ್ಲಿ ಏನೂ ಇಲ್ಲ. ಮ್ಯಾಪ್ ಬರೆಯುವಾಗ ಬಿಸಿಲು ಬೀಳೋ ಚೌಕಗಳಿಗೆ ಹಳದಿ ಬಳಿದಿಡಿ, ಪ್ರತಿ ಸಲ ವಾದ ಮಾಡೋದು ತಪ್ಪುತ್ತೆ. ನೆಲಮಾಳಿಗೆಯಲ್ಲಿ ಅವನಿಗೆ 120 ಅಡಿ ಕತ್ತಲೆ ದೃಷ್ಟಿ. ಅಲ್ಲಿ ಕಣ್ಣು ಕಾಣದೆ ಒದ್ದಾಡೋರು ಪ್ಯಾಲಡಿನ್ ಮತ್ತೆ ಆ ಹಕ್ಕಿ. ಪ್ಯಾಲಡಿನ್ ಒಂದು ಕೈಲಿ ಟಾರ್ಚ್ ಹಿಡಿದರೆ ಶೀಲ್ಡ್ ಬಿಡಬೇಕು, ಲಾಂಗ್‌ಬೋಗೆ ಹಕ್ಕಿಯ ಎರಡೂ ಕೈ ಬೇಕು. ಸಾರ್ಸರರ್ ಲೈಟ್ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಬೆಳಕಿನ ಮಂತ್ರ) ತಗೊಂಡು ಪ್ಯಾಲಡಿನ್ ಶೀಲ್ಡ್ ಮೇಲೇ ಹಾಕಲಿ.