ಐದನೇ ತರಗತಿ ಪರಿಸರ ಅಧ್ಯಯನ: ಮಕ್ಕಳಿಂದ ಎಷ್ಟು ನಿರೀಕ್ಷಿಸಬೇಕು, ಚಟುವಟಿಕೆ ಮಾಡಿಸೋದು ಹೇಗೆ?

ಕಪ್ಪುಹಲಗೆ ಕೇಳಿದ್ದು:

32 ಮಕ್ಕಳು, 40 ನಿಮಿಷದ ಪೀರಿಯಡ್, ಲ್ಯಾಬ್ ಇಲ್ಲ. ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಗುಂಪಾಗಿ ಕೂತು ಕಲಿತ ಮಕ್ಕಳೇ ಇವರು. ನಾಲ್ಕಕ್ಕೆ ಬಂದ ಮೇಲೆ ಬೋರ್ಡ್ ನೋಡಿ ಪ್ರಶ್ನೋತ್ತರ ಇಳಿಸಿಕೊಳ್ಳುವುದೇ ವಿಜ್ಞಾನ ಅಂದುಕೊಂಡಿದ್ದಾರೆ. ಪಾಠ ಯೋಜನೆಯಲ್ಲಿ 5ಇ ಹಂತಗಳು (ತೊಡಗಿಸು, ಅನ್ವೇಷಿಸು, ವಿವರಿಸು, ವಿಸ್ತರಿಸು, ಮೌಲ್ಯಮಾಪನ ಮಾಡು) ಅಚ್ಚುಕಟ್ಟಾಗಿರುತ್ತವೆ, ತರಗತಿಯಲ್ಲಿ ಮಾತ್ರ ಓದು, ವಿವರಣೆ, ನೋಟ್ಸ್. ವರ್ಷದ ಮೊದಲ ವಾರದಲ್ಲೇ ಮಕ್ಕಳಿಗೆ "ಈ ಕ್ಲಾಸಿನಲ್ಲಿ ನಿಮ್ಮಿಂದ ಇಷ್ಟು ಬೇಕು" ಅಂತ ಏನು ಹೇಳಬೇಕು? ಚಟುವಟಿಕೆ ಗಲಾಟೆಯಾಗಿ ಮುಗಿಯದ ಹಾಗೆ ಮಾಡಿಸುವುದು ಹೇಗೆ? ದೊಡ್ಡ ಮಾತು ಬೇಡ, ನಾಳೆ ಬೆಳಿಗ್ಗೆ ಮಾಡುವಂಥದ್ದು ಹೇಳಿ.

ಅಳತೆಪಟ್ಟಿ:

ನಿರೀಕ್ಷೆಯ ಪಟ್ಟಿ ಉದ್ದ ಮಾಡಬೇಡಿ ಮೇಡಂ. ಈ ವಯಸ್ಸಿಗೆ ಮೂರು ಸಾಕು. ಮಾಡುವ ಮುಂಚೆ ಊಹೆ ಹೇಳಬೇಕು. ಕಂಡದ್ದನ್ನು ಕಂಡ ಹಾಗೇ ಬರೆಯಬೇಕು. ಎರಡನ್ನು ಹೋಲಿಸುವಾಗ ಒಂದೇ ಒಂದು ಅಂಶ ಬದಲಿಸಬೇಕು. ಸಾಂದ್ರತೆ, ಅಣು, ಸೂತ್ರ ಎಲ್ಲ ಮುಂದಿನ ತರಗತಿಗಳಿಗೆ ಬಿಡಿ. ಸ್ಕೇಲಿನಲ್ಲಿ ಸೊನ್ನೆಯಿಂದ ಅಳೆಯುವುದು (ಬಹಳ ಮಕ್ಕಳು 1ರಿಂದ ಶುರು ಮಾಡುತ್ತಾರೆ), ಎರಡು ಕಂಬಸಾಲಿನ ಕೋಷ್ಟಕ ಹಾಕುವುದು, ಇಷ್ಟು ಬಂದರೆ ಆ ವರ್ಷದ ಕೆಲಸ ಆಯಿತು.

ನೋಟ್‌ಬುಕ್ಕಿನಲ್ಲಿ ಪ್ರತಿ ಚಟುವಟಿಕೆಗೂ ಒಂದು ಪುಟ, ನಾಲ್ಕು ತಲೆಬರಹ: ನನ್ನ ಊಹೆ, ಮಾಡಿದ್ದು, ಕಂಡಿದ್ದು, ಯಾಕಿರಬಹುದು. ಊಹೆಯನ್ನು ಪೆನ್ನಿನಲ್ಲೇ ಬರೆಸಿ. ಪೆನ್ಸಿಲ್ ಕೊಟ್ಟರೆ ಉತ್ತರ ಗೊತ್ತಾದ ಕೂಡಲೇ ರಬ್ಬರ್ ತೆಗೆಯುತ್ತಾರೆ. ತಪ್ಪು ಊಹೆಗೆ ಕೆಂಪು ಇಂಟು ಗುರುತು ಹಾಕಲೇಬೇಡಿ. ಒಂದು ಸಲ ಹಾಕಿದರೆ ಮುಂದಿನ ವಾರದಿಂದ 32 ಪುಸ್ತಕದಲ್ಲೂ ಒಂದೇ ಊಹೆ ಇರುತ್ತದೆ.

ಕಷ್ಟ ಬರುವುದು ಮೂರನೇ ಮತ್ತು ನಾಲ್ಕನೇ ತಲೆಬರಹದ ನಡುವೆ. ಲೋಟದ ತಳದಲ್ಲಿ ಕಾಗದ ತುರುಕಿ, ಬೋರಲು ಮಾಡಿ ಬಕೆಟ್ ನೀರಿಗೆ ಒತ್ತುವ ಪ್ರಯೋಗವನ್ನೇ ತಗೊಳ್ಳಿ. "ಒಳಗೆ ಗಾಳಿ ಇದ್ದದ್ದರಿಂದ ಕಾಗದ ಒದ್ದೆ ಆಗಲಿಲ್ಲ" ಅಂತ ಮಗು "ಕಂಡಿದ್ದು" ಕೆಳಗೆ ಬರೆಯುತ್ತದೆ. ಗಾಳಿಯನ್ನು ಕಂಡಿದ್ದು ಯಾರು? ಕಂಡಿದ್ದು ಇಷ್ಟೇ: ಲೋಟ ಪೂರ್ತಿ ಮುಳುಗಿತು, ಕಾಗದ ಒಣಗಿಯೇ ಇತ್ತು, ಲೋಟ ಓರೆ ಮಾಡಿದಾಗ ಗುಳ್ಳೆ ಬಂತು, ಆಮೇಲೆ ಕಾಗದ ನೆನೆಯಿತು. ಗಾಳಿಯ ಮಾತು ಕೆಳಗಿನ ತಲೆಬರಹಕ್ಕೆ ಸೇರಬೇಕು. ಈ ಎರಡನ್ನು ಬೇರ್ಪಡಿಸಲು ಒಂದು ತಿಂಗಳು ಹಿಡಿದರೂ ನಷ್ಟವಿಲ್ಲ.

ಈ ಪ್ರಯೋಗ ಕೆಡುವುದೂ ಸಣ್ಣ ಕಾರಣಗಳಿಗೆ. ಕಾಗದ ಸಡಿಲವಾಗಿದ್ದರೆ ಜಾರಿ ನೀರಿಗೆ ಬೀಳುತ್ತದೆ. ಅರ್ಧ ಹಾಳೆ ದಿನಪತ್ರಿಕೆಯನ್ನು ಮುದ್ದೆ ಮಾಡಿ ಬಿಗಿಯಾಗಿ ತುರುಕಿಸಿ. ಒದ್ದೆ ಕೈಯಲ್ಲಿ ಕಾಗದ ಹೊರತೆಗೆದರೆ "ಒದ್ದೆ ಆಗಿದೆ ಟೀಚರ್" ಅನ್ನುತ್ತಾರೆ, ಕೈ ಒರೆಸಿಕೊಳ್ಳಲು ಬಟ್ಟೆ ಇಡಿ. ಸ್ಟೀಲ್ ಲೋಟ ಬೇಡ, ಒಳಗೆ ಏನಾಗುತ್ತಿದೆ ಕಾಣುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಲೋಟವಾದರೆ ಇನ್ನೊಂದು ಲಾಭ: ತಳಕ್ಕೆ ಬಿಸಿ ಸೂಜಿಯಲ್ಲಿ ನೀವೇ ತೂತು ಮಾಡಿ ಕೊಡಬಹುದು. ಕಾಗದ ತೆಗೆದು, ತೂತನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಒಳಗಿನ ನೀರು ಕೆಳಗೇ ನಿಲ್ಲುತ್ತದೆ, ಬೆರಳು ತೆಗೆದರೆ ಏರುತ್ತದೆ, ಜೊತೆಗೆ ಬೆರಳಿಗೆ ತಣ್ಣಗೆ ಗಾಳಿ ತಾಗುತ್ತದೆ. ಅಲ್ಲಿಗೆ ನೀವು ವಿವರಿಸುವ ಕೆಲಸ ಅರ್ಧ ಕಡಿಮೆ.

ಸಮಯ: ಪ್ರಶ್ನೆ ಮತ್ತು ಊಹೆಗೆ 7 ನಿಮಿಷ, ಸಾಮಾನು ಹಂಚಲು 3, ಮಾಡಲು 12, ಬರೆಯಲು 8, ಉಳಿದ 10 ಮಾತಿಗೆ. ಮಾತಿನ ಹತ್ತು ನಿಮಿಷವನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. ಸಾಮಾನು ಹಂಚಿದ ಮೇಲೆ ಸೂಚನೆ ಕೊಡಲು ಹೋದರೆ ಒಬ್ಬರೂ ಕೇಳುವುದಿಲ್ಲ. ಮೊದಲು ಸೂಚನೆ, ಒಬ್ಬರಿಂದ ಅದನ್ನು ತಿರುಗಿ ಹೇಳಿಸಿ, ಆಮೇಲೆ ಸಾಮಾನು.

ನಾಲ್ವರ 8 ಗುಂಪು ಮಾಡಿ: ತರುವವರು, ಮಾಡುವವರು, ಅಳೆಯುವವರು, ಬರೆಯುವವರು. ವಾರಕ್ಕೊಮ್ಮೆ ಕೆಲಸ ಬದಲಾಗಲೇಬೇಕು. ಇಲ್ಲದಿದ್ದರೆ ಹುಡುಗರು ಮಾಡುವುದು, ಹುಡುಗಿಯರು ಬರೆಯುವುದು ಮತ್ತು ಲೋಟ ತೊಳೆಯುವುದು ಅಂತ ಗಟ್ಟಿಯಾಗಿಬಿಡುತ್ತದೆ.

ದಾಸವಾಳ:

ಮೇಲಿನದಕ್ಕೆ ಒಪ್ಪಿಗೆ. "ಒಂದೇ ಅಂಶ ಬದಲಿಸು" ಅನ್ನುವುದನ್ನು ಕಲಿಸಲು ಹೆಸರುಕಾಳಿನಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಇಡೀ ತರಗತಿಗೆ ಒಂದು ಹಿಡಿ ಕಾಳು ಸಾಕು. ಪ್ರತಿ ಗುಂಪಿಗೆ ನಾಲ್ಕು ಲೋಟ, ಒಂದೊಂದರಲ್ಲಿ 10 ಕಾಳು: ಒಂದರಲ್ಲಿ ಒಣ ಬಟ್ಟೆ, ಒಂದರಲ್ಲಿ ಒದ್ದೆ ಬಟ್ಟೆ, ಒಂದರಲ್ಲಿ ಒದ್ದೆ ಬಟ್ಟೆ ಇಟ್ಟು ಡಬ್ಬಿಯೊಳಗೆ ಕತ್ತಲಲ್ಲಿ, ಒಂದರಲ್ಲಿ ನೀರಿನಲ್ಲಿ ಮುಳುಗಿಸಿ. ಹತ್ತು ಕಾಳು ಯಾಕೆಂದರೆ ಒಂದೇ ಕಾಳು ಹಾಕಿದರೆ ಅದು ಹುಳುಕಾಗಿದ್ದರೂ "ನೀರು ಬೇಡ" ಅಂತ ತೀರ್ಮಾನ ಆಗುತ್ತದೆ. "10ರಲ್ಲಿ 8 ಮೊಳೆತಿವೆ" ಅಂತ ಎಣಿಸಿ ಬರೆಯುವುದೂ ಇಲ್ಲೇ ಅಭ್ಯಾಸವಾಗುತ್ತದೆ.

ಸೋಮವಾರ ಇಡಿ. ಶನಿವಾರ ಇಟ್ಟರೆ ಭಾನುವಾರ ಬಟ್ಟೆ ಒಣಗಿ ಎಲ್ಲ ಹಾಳು. ಬಟ್ಟೆ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಒದ್ದೆ ಇರಲಿ, ನೀರು ನಿಲ್ಲಬಾರದು. ಬುಧವಾರದ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಮೊಳಕೆ ಬಂದಿರುತ್ತದೆ.

ಪುಸ್ತಕ ಹೇಳಿದ ಹಾಗೆ ಆಗದಿರುವುದು ಮುಳುಗಿಸಿದ ಲೋಟದಲ್ಲಿ. ಗಾಳಿ ಇಲ್ಲದ್ದರಿಂದ ಮೊಳೆಯುವುದಿಲ್ಲ ಅಂತ ಕಲಿಸಬೇಕು, ಆದರೆ ಕಾಳು ನೀರೊಳಗೂ ಬಾಲ ಬಿಡುತ್ತದೆ. ನೀರಿನಲ್ಲಿ ಕರಗಿದ ಗಾಳಿ ಆರಂಭಕ್ಕೆ ಸಾಕಾಗುತ್ತದೆ, ಕೊಳೆಯುವುದು ಆಮೇಲೆ. ಇದಕ್ಕೆ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಪೂರ್ತಿ ತಣಿಸಿ, ನಾಲ್ಕು ಬೆರಳಿನಷ್ಟು ಆಳ ಹಾಕಿ, ಮೇಲೆ ಅಡುಗೆ ಎಣ್ಣೆ ಒಂದು ಪದರ ಬಿಡಿ. ಕುದಿಸಿದಾಗ ಕರಗಿದ ಗಾಳಿ ಹೊರಟುಹೋಗುತ್ತದೆ, ಎಣ್ಣೆ ಹೊಸದನ್ನು ಬೇಗ ಒಳಗೆ ಬಿಡುವುದಿಲ್ಲ. ಬಿಸಿ ಇರುವಾಗಲೇ ಹಾಕಿದರೆ ಕಾಳು ಬೆಂದು ಸಾಯುತ್ತದೆ, ಆಗ ಪ್ರಯೋಗ ತೋರಿಸುವುದೇ ಬೇರೆ. ಇನ್ನೊಂದು ಲೋಟದಲ್ಲಿ ಕುದಿಸದ ನೀರು ಅಷ್ಟೇ ಆಳಕ್ಕೆ, ಎಣ್ಣೆ ಇಲ್ಲದೆ ಇಟ್ಟು ಹೋಲಿಸಿದರೆ ಇನ್ನೂ ಚೆಂದ.

ಕತ್ತಲ ಡಬ್ಬಿಯೇ ಮಕ್ಕಳ ಊಹೆಯನ್ನು ತಲೆಕೆಳಗು ಮಾಡುವುದು. ಬೆಳಕಿಲ್ಲದೆ ಮೊಳೆಯುವುದಿಲ್ಲ ಅಂತ ಬಹುಪಾಲು ಮಕ್ಕಳು ಬರೆದಿರುತ್ತಾರೆ. ಮೊಳೆಯುವುದಷ್ಟೇ ಅಲ್ಲ, ಐದಾರು ದಿನಕ್ಕೆ ಉದ್ದುದ್ದ, ಬಿಳಿಚಿಕೊಂಡ, ಹಳದಿ ಎಲೆಯ ಗಿಡ ಆಗಿರುತ್ತದೆ. ಬೆಳಕಿನಲ್ಲಿದ್ದದ್ದು ಗಿಡ್ಡ ಮತ್ತು ಹಸಿರು. "ಹಾಗಾದರೆ ಉದ್ದ ಇರುವುದೇ ಚೆನ್ನಾಗಿ ಬೆಳೆದದ್ದಾ?" ಅಂತ ಕೇಳಿ ಸುಮ್ಮನೆ ನಿಂತುಬಿಡಿ.

ಕಪ್ಪುಹಲಗೆ:

ತುಂಬ ಉಪಕಾರ. ಇನ್ನೆರಡು. ತಟ್ಟೆ ನೀರಿನಲ್ಲಿ ಮೇಣದಬತ್ತಿ ಹಚ್ಚಿ ಲೋಟ ಮುಚ್ಚುವ ಪ್ರಯೋಗ ಮಾಡಿಸಬಹುದೇ? ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇದೆ ಅಂತ ತೋರಿಸಬಹುದಲ್ಲ. ಮತ್ತೆ ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ನೋಟ್ಸ್ ಕೇಳುತ್ತಾರೆ, ಮೌಲ್ಯಮಾಪನಕ್ಕೆ ಇದನ್ನೆಲ್ಲ ಹೇಗೆ ಹೊಂದಿಸುವುದು?

ಹಳೇಸೀಮೆಸುಣ್ಣ:

ಮೇಣದಬತ್ತಿ ಮಾಡಿಸಿ, ಆದರೆ ಐದನೇ ಒಂದು ಭಾಗದ ಲೆಕ್ಕ ಹೇಳಬೇಡಿ, ಅದು ತಪ್ಪು. ಲೋಟ ಮುಚ್ಚುವಾಗ ಜ್ವಾಲೆಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿರುತ್ತದೆ, ಸ್ವಲ್ಪ ಅಂಚಿನಿಂದ ಗುಳ್ಳೆಯಾಗಿ ಹೊರಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಮುಖ್ಯ ಕಾರಣ ಅದು. ಉರಿಯಲ್ಲಿ ಆಮ್ಲಜನಕ ಖರ್ಚಾದರೂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಬತ್ತಿ ಆರಿದಾಗಲೂ ಆಮ್ಲಜನಕ ಸಾಕಷ್ಟು ಉಳಿದಿರುತ್ತದೆ. ಮಕ್ಕಳಿಂದಲೇ ಪರೀಕ್ಷೆ ಮಾಡಿಸಬಹುದು: ಒಂದು ಬತ್ತಿ ಮತ್ತು ಮೂರು ಬತ್ತಿ, ಅದೇ ಲೋಟ, ಅಷ್ಟೇ ನೀರು. ಮೂರು ಇದ್ದಾಗ ನೀರು ಹೆಚ್ಚು ಏರುತ್ತದೆ. ಆಮ್ಲಜನಕದ ಲೆಕ್ಕವೇ ಕಾರಣವಾಗಿದ್ದರೆ ಎರಡೂ ಸಮ ಆಗಬೇಕಿತ್ತು. ನೀರು ಯಾವಾಗ ರಭಸವಾಗಿ ಏರಿತು, ಉರಿಯುವಾಗಲೋ ಆರಿದ ಮೇಲೋ ಅಂತ ನೋಡಲು ಹೇಳಿ. ಬೆಂಕಿಕಡ್ಡಿ ನಿಮ್ಮ ಕೈಯಲ್ಲೇ ಇರಲಿ, ಜಡೆ ಹಿಂದಕ್ಕೆ ಕಟ್ಟಿಸಿ.

ಸುಲಭದ್ದು ಬೇಕಾದರೆ ಅರಿಶಿನ. ಮದುವೆ ಮನೆಯ ಕೆಂಪಾರತಿಯನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ, ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದು ಗೊತ್ತು. ಅರಿಶಿನ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ ಪಟ್ಟಿ ಕತ್ತರಿಸಿ. ಸೋಪಿನ ನೀರಿಗೆ ಕೆಂಪು, ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಎಡವುವುದು ಇಲ್ಲಿ: ಹಳದಿ ಪಟ್ಟಿಗೆ ನೇರವಾಗಿ ನಿಂಬೆರಸ ಹಾಕಿದರೆ ಏನೂ ಆಗುವುದಿಲ್ಲ, ಬರೀ ನೀರು ಹಾಕಿದರೂ ಇಲ್ಲ. ಮಕ್ಕಳು ಎರಡೂ ಒಂದೇ ಅಂತ ಬರೆಯುತ್ತಾರೆ, ಅವರ ಕಣ್ಣಿಗೆ ಅದು ಸರಿಯೇ. ಆಗ ಕೆಂಪು ದಾಸವಾಳದ ನಾಲ್ಕು ಹೂವಿನ ಎಸಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಆ ರಸ ಕೊಡಿ. ನಿಂಬೆಗೆ ಅಚ್ಚ ಗುಲಾಬಿ, ಸೋಪಿಗೆ ಹಸಿರು. ಸೋಪಿನ ಬದಲು ಸುಣ್ಣದ ನೀರಾದರೆ ಮೇಲಿನ ತಿಳಿ ಮಾತ್ರ, ಕಣ್ಣಿಗೆ ತಾಗದ ಹಾಗೆ.

ಮೌಲ್ಯಮಾಪನದ ಭಯ ಬೇಡ. ವರ್ಷದ ನಡುನಡುವೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಕಲಿಯುತ್ತಿರುವಾಗಲೇ ಮಾಡುವುದು) ಇರುವುದೇ ಇಂಥ ಕೆಲಸ ದಾಖಲಿಸಲು. ಆ ನಾಲ್ಕು ತಲೆಬರಹದ ಪುಟವೇ ದಾಖಲೆ. ಪುಟದ ಮೂಲೆಯಲ್ಲಿ ಕಲಿಕಾ ಫಲವನ್ನೂ (ಆ ಪಾಠದಿಂದ ಮಗುವಿಗೆ ಬರಬೇಕಾದದ್ದು) ದಿನಾಂಕವನ್ನೂ ಬರೆಸಿದರೆ ಸಿಆರ್‌ಪಿ ಕೇಳಿದಾಗ ತೋರಿಸಬಹುದು. ಪ್ರಶ್ನೆಯನ್ನೂ ಬದಲಿಸಿ: "ಮೊಳಕೆಗೆ ಬೇಕಾದ ಅಂಶಗಳು ಯಾವುವು?" ಬದಲು, ನಾಲ್ಕು ಲೋಟದ ಚಿತ್ರ ಕೊಟ್ಟು "ಎರಡನೆಯ ಮತ್ತು ಮೂರನೆಯ ಲೋಟದ ನಡುವೆ ಬದಲಾದದ್ದು ಏನು?" ಅಂತ ಕೇಳಿ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಪುಸ್ತಕ ತೆರೆದಿಟ್ಟೇ ಪರೀಕ್ಷೆ ಬರೆಸುತ್ತಿದ್ದರು, 2002ರವರೆಗೆ ಅದು ನಡೆಯಿತು. ಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆ ಕೇಳಿದರೆ ಪುಸ್ತಕ ತೆರೆದಿದ್ದರೇನು?

ಅಳತೆಪಟ್ಟಿ:

ಒಂದು ತಕರಾರು. ಮೇಲೆ ಹೇಳಿದ್ದನ್ನೆಲ್ಲ ಒಂದೇ ತಿಂಗಳಲ್ಲಿ ಮಾಡಿಸಲು ಹೋಗಬೇಡಿ. ವಾರಕ್ಕೆ ಒಂದು ಚಟುವಟಿಕೆ, ಉಳಿದ ಪೀರಿಯಡ್‌ಗಳಲ್ಲಿ ಪಾಠ ಓದಿಸಿ, ಅದರಲ್ಲೇನೂ ತಪ್ಪಿಲ್ಲ. ಕಾಳು ಇಟ್ಟ ವಾರ ಬೇರೆ ಚಟುವಟಿಕೆ ಬೇಡ, ದಿನಾ ಐದು ನಿಮಿಷ ಎಣಿಸಿ ಬರೆಯುವುದೇ ಸಾಕಷ್ಟು ಕೆಲಸ. ಇನ್ನೊಂದು, ಲೋಟಗಳ ಮೇಲೆ ಗುಂಪಿನ ನಂಬರನ್ನು ಮಾರ್ಕರ್‌ನಲ್ಲಿ ಮೊದಲೇ ಬರೆದಿಡಿ. ಬುಧವಾರ ಬೆಳಿಗ್ಗೆ 32 ಲೋಟದಲ್ಲಿ ಚೆನ್ನಾಗಿ ಮೊಳೆತದ್ದೆಲ್ಲ "ನಮ್ದು ಟೀಚರ್" ಆಗಿರುತ್ತದೆ.